ಒಂದೇ ತೂಕದ ಎರಡು ಗುಂಡು

ಬೆಳಗಿನ ಐದೂಕಾಲು. ಜೂನ್ ತಿಂಗಳು, ಬೆಳಕು ಬಂದು ಆಗಲೇ ಎರಡು ತಾಸು ಕಳೆದಿದೆ. ಸ್ಕಾರ್ವ್‌ಡಾಲ್ ಕಣಿವೆಯ ಹಾರ್ಡ್‌ವೇರ್ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅದರ ಹಿಂದಿನ ಕೋಣೆಯಲ್ಲಿ, ಮೊಳೆ ಡಬ್ಬಿಗಳು ಮತ್ತು ಕುರಿಬೇಲಿಯ ತಂತಿ ಸುರುಳಿಗಳ ನಡುವೆ, ಒಡ್ನಿ ಹೌಗೆನ್ ರೈಫಲಿನ ಒಂದು ಗುಂಡನ್ನು ಎರಡು ಬೆರಳಲ್ಲಿ ಹಿಡಿದು ತಕ್ಕಡಿಯ ಮೇಲೆ ಇಡುತ್ತಾರೆ. ಇಟ್ಟ ಕೂಡಲೇ ಕೈಯನ್ನು ಮಡಿಲಿಗೆ ತಂದುಕೊಳ್ಳುತ್ತಾರೆ, ಉಸಿರನ್ನು ಪಕ್ಕಕ್ಕೆ ಬಿಡುತ್ತಾರೆ. ಉಸಿರು ತಾಗಿದರೂ ಅಂಕಿ ಅಲ್ಲಾಡುವ ತಕ್ಕಡಿ ಅದು. ಅಂಕಿ ನಿಂತ ಮೇಲೆ ಗುಂಡನ್ನು ಎತ್ತಿ ಉದ್ದ ಅಳೆಯುವ ಕ್ಯಾಲಿಪರ್‌ನ ದವಡೆಗೆ ಕೊಡುತ್ತಾರೆ. ಆಮೇಲೆ ಎಡಗಣ್ಣಿಗೆ ಭೂತಗನ್ನಡಿ ಹಿಡಿದು ಅದರ ಬಾಲದ ಅಂಚನ್ನು ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ಕೊನೆಗೆ, ಮುಂದಿರುವ ಕೇಕಿನ ಅಚ್ಚಿನ ತಟ್ಟೆಯ ಹನ್ನೆರಡು ಗುಳಿಗಳಲ್ಲಿ ಆ ಅಳತೆಯದಕ್ಕೆ ಹಾಕುತ್ತಾರೆ. ಟಿಣ್ ಎಂದು ಸಣ್ಣ ಸದ್ದು. ಕೈ ಮುಂದಿನದಕ್ಕೆ ಹೋಗುತ್ತದೆ.

ಕಣಿವೆಯಲ್ಲಿ ದೂರದ ಗುರಿಗೆ ಹೊಡೆಯುವವರು ಇಪ್ಪತ್ತಾರು ಜನ. ಅವರಲ್ಲಿ ಯಾರೂ ಅಂಗಡಿಯ ಸಿದ್ಧ ತೋಟಾ ಬಳಸುವುದಿಲ್ಲ. ಚಿಪ್ಪು, ಮದ್ದು, ಗುಂಡು ಬೇರೆಬೇರೆ ಕೊಂಡು ಮನೆಯಲ್ಲಿ ಕೂತು ತಾವೇ ತುಂಬಿಕೊಳ್ಳುತ್ತಾರೆ. ಸಾವಿರ ಮೀಟರ್ ಆಚೆಯ ಗುರಿಹಲಗೆಗೆ ಹೋಗುವಷ್ಟರಲ್ಲಿ ಒಂದು ಕೂದಲೆಳೆಯ ವ್ಯತ್ಯಾಸ ಒಂದು ಗೇಣಾಗಿ ಬೆಳೆದಿರುತ್ತದೆ. ಹಾಗಾಗಿ ಗುಂಡುಗಳೆಲ್ಲ ಒಂದೇ ತರಹ ಇರಬೇಕು. ಕಾರ್ಖಾನೆಯ ಡಬ್ಬಿಯಲ್ಲಿ ಬಂದವು ನೋಡಲು ಹಾಗೇ ಇರುತ್ತವೆ. ಹಾಗಿಲ್ಲ ಎಂದು ಗೊತ್ತಿರುವುದು ಒಡ್ನಿಗೆ.

ಬೆಳಗ್ಗೆ ಐದರಿಂದ ಎಂಟರವರೆಗೆ ನೂರೈವತ್ತು ಗುಂಡು. ವರ್ಷಕ್ಕೆ ಮೂವತ್ತು ಸಾವಿರದ ಹತ್ತಿರ. ಒಂದೊಂದೂ ಮೂರು ಸಲ ಕೈಮೇಲೆ ಬರುತ್ತದೆ. ಹೊಸಬರು ಗುಂಡನ್ನು ಮೂಗಿನ ತುದಿಯಿಂದ ಅಳೆಯುತ್ತಾರೆ. ತುದಿ ಯಾವಾಗಲೂ ಸ್ವಲ್ಪ ಸೊಟ್ಟ, ಅದನ್ನು ನಂಬುವಂತಿಲ್ಲ. ಒಡ್ನಿ ಅಳೆಯುವುದು ಬಾಲದಿಂದ ಹೆಗಲಿನವರೆಗೆ, ಅಂದರೆ ಗುಂಡಿನ ಮೈ ಬಾಗಿ ಮೂಗಾಗಲು ಶುರುವಾಗುವ ಜಾಗದವರೆಗೆ. ನಳಿಗೆಯನ್ನು ಮೊದಲು ಮುಟ್ಟುವುದು ಆ ಹೆಗಲು. "ಮೂಗು ನೋಡಿ ಮದುವೆ ಆಗ್ಬೋದು, ಗುಂಡು ಆರಿಸಕ್ಕಾಗಲ್ಲ" ಎನ್ನುತ್ತಾರೆ. ಈ ಕೆಲಸಕ್ಕೆ ಇಷ್ಟು ಎಂದು ದರವಿಲ್ಲ. ಶರತ್ಕಾಲದಲ್ಲಿ ಯಾರೋ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ತೊಡೆ ತಂದಿಡುತ್ತಾರೆ, ಯಾರೋ ಒಂದು ಗಾಡಿ ಸೌದೆ, ಯಾರೋ ಜೌಗಿನ ಹಳದಿ ಹಣ್ಣಿನ ಜಾಮ್. ಅಂಗಡಿಯ ಸಂಬಳ ಬೇರೆ. ಅದು ಮೊಳೆ, ಬಣ್ಣ, ಬೇಲಿತಂತಿ ಮಾರಿದ್ದಕ್ಕೆ.

ಒಡ್ನಿಗೆ ಈಗ ಅರುವತ್ತೊಂದು. ಇಪ್ಪತ್ತೇಳು ವರ್ಷದ ಹಿಂದೆ ಆಕೆಯೇ ಹೊಡೆಯುತ್ತಿದ್ದರು, ಚೆನ್ನಾಗಿಯೇ ಹೊಡೆಯುತ್ತಿದ್ದರು. ಮೇಲಿನ ಬಯಲಿನಲ್ಲಿ ಪ್ರತಿ ಆಗಸ್ಟ್ ಕೊನೆಯ ಶನಿವಾರ ಒಂದು ಆಯ್ಕೆ ಪಂದ್ಯ ನಡೆಯುತ್ತದೆ. ಮೊದಲ ಐದು ಜನ ಜಿಲ್ಲೆಯ ತಂಡದಲ್ಲಿ ಸ್ವೀಡನ್ನಿಗೆ ಹೋಗುತ್ತಾರೆ. ಆ ವರ್ಷ ಒಡ್ನಿ ಆರನೆಯವರಾದರು. ಕಡಿಮೆಯಾದದ್ದು ಒಂದೇ ಅಂಕ. ಕೊನೆಯ ಗುಂಡು ಒಂದು ಗೇಣು ಕೆಳಗೆ ಬಿದ್ದಿತ್ತು. ಕಣಿವೆಯಿಂದ ಆ ತಂಡಕ್ಕೆ ಯಾವ ಹೆಂಗಸೂ ಅಷ್ಟು ಹತ್ತಿರ ಹೋಗಿರಲಿಲ್ಲ. ಬರುವ ವರ್ಷ ಇದೆಯಲ್ಲ ಎಂದರು ಎಲ್ಲರೂ. ಫೆಬ್ರವರಿಯಲ್ಲಿ ಮಾಡಿನ ಮೇಲಿನ ಹಿಮ ಎಳೆದು ಕೆಡವುತ್ತಿದ್ದಾಗ ಬಲಗಣ್ಣಿನ ಮೇಲೆ ಯಾರೋ ಕಪ್ಪು ಪರದೆ ಇಳಿಬಿಟ್ಟ ಹಾಗಾಯಿತು. ಕಣ್ಣಿನ ಒಳಪೊರೆ ಕಿತ್ತುಬಂದಿತ್ತು. ಪಟ್ಟಣದ ಡಾಕ್ಟರು ಅದನ್ನು ಅರ್ಧ ಉಳಿಸಿಕೊಟ್ಟರು. ಎಡಗಣ್ಣಿನ ಪೊರೆಯೂ ತೆಳುವಾಗಿದೆ ಎಂದರು. ಬಂದೂಕಿನ ಒದೆತ ಇನ್ನೊಮ್ಮೆ ಹೆಗಲಿಗೆ ಬೀಳಬಾರದು ಎಂದು ಬರೆದೂ ಕೊಟ್ಟರು.

ಮನೆಗೆ ಬಂದ ವಾರವೇ ರೈಫಲನ್ನು ಹಾಲ್‌ವಾರ್‌ಗೆ ಮಾರಿದರು. ಹಾಲ್‌ವಾರ್ ಗುರಿಕಾರರ ಸಂಘದ ಹಿರಿಯ, ಮರ ಕಡಿಯುವ ಕೆಲಸದಿಂದ ನಿವೃತ್ತರಾದವರು, ಅಂಗಡಿಯ ಕಾಫಿ ಡಬ್ಬಿ ಅರ್ಧ ಖಾಲಿಯಾಗಲು ಕಾರಣರಾದವರು. ಆ ಆಗಸ್ಟ್‌ನಲ್ಲಿ ಒಡ್ನಿಯ ಪಕ್ಕದಲ್ಲಿ ಕೂತು ಅಂಕ ಬರೆದುಕೊಂಡವರೂ ಅವರೇ. ಕೊನೆಯ ಗುಂಡನ್ನು ಕೆಡಿಸಿದ್ದು ಗಾಳಿ ಎಂದು ಅವತ್ತೇ ತೀರ್ಪು ಕೊಟ್ಟರು. ಕಣಿವೆಯೆಲ್ಲ ಆ ತೀರ್ಪನ್ನೇ ಒಪ್ಪಿತು. ಒಡ್ನಿ ಅದನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ.

ಅಂದಿನಿಂದ ಅವರು ಮೇಲಿನ ಬಯಲಿಗೆ ಹೋಗಿಲ್ಲ. ಇಲ್ಲಿಂದ ಹದಿಮೂರು ಕಿಲೋಮೀಟರ್. ಗಂಡ ಕುರಿ ಹುಡುಕಿಕೊಂಡು ಹೋಗುವಾಗ ಜೊತೆಗೆ ಕರೆದರೆ ಮಂಡಿನೋವು ಎನ್ನುತ್ತಾರೆ. ಮಂಡಿಗೆ ಏನೂ ಆಗಿಲ್ಲ ಎಂದು ಅವನಿಗೂ ಗೊತ್ತು. ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿದಾಗ ಹೊಟ್ಟೆಗೆ ತಾಗುವ ತಂಪು, ಕೆನ್ನೆಗೆ ಮರದ ಹಿಡಿ, ಬೆರಳು ಒತ್ತಿದ ಮೇಲೆ ಗುಂಡು ಅಲ್ಲಿ ಮುಟ್ಟುವ ತನಕದ ಒಂದೂವರೆ ಸೆಕೆಂಡು, ಅಲ್ಲಿಗೆ ಹೋದರೆ ಇವೆಲ್ಲ ನೆನಪಾಗುತ್ತವೆ. "ಆ ಒಂದೂವರೆ ಸೆಕೆಂಡಲ್ಲಿ ನಾನು ಯಾರ ಹೆಂಡ್ತಿನೂ ಅಲ್ಲ, ಯಾರ ತಾಯಿನೂ ಅಲ್ಲ. ಮಾಡೋದೆಲ್ಲ ಮಾಡಿ ಆಗಿದೆ, ಆಗೋದು ಇನ್ನೂ ಆಗಿಲ್ಲ. ಅಂಥಾ ಜಾಗ ಮನೇಲಿ ಎಲ್ಲೂ ಸಿಗ್ಲಿಲ್ಲ" ಎಂದು ತಕ್ಕಡಿಯನ್ನು ಒರೆಸುತ್ತಾ ಹೇಳುತ್ತಾರೆ, ಬೇರೆ ಯಾರದೋ ವಿಷಯ ಹೇಳಿದಂತೆ.

ಈ ಜೂನ್‌ನಲ್ಲಿ ಯೊರುನ್ ಎರಡು ಡಬ್ಬಿ ತಂದು ಮೇಜಿನ ಮೇಲೆ ಇಡುತ್ತಾಳೆ. ಒಂದು ಹಸಿರು, ಒಂದು ಕಪ್ಪು. ಯೊರುನ್‌ಗೆ ನಲವತ್ತೊಂದು, ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ, ಉಳಿದ ಕಾಲದಲ್ಲಿ ಶಾಲೆಯ ಬಸ್ಸು ಓಡಿಸುವವಳು. ಮಾತು ಜೋರು, ಕೈ ಸ್ಥಿರ. ಹೋದ ವರ್ಷ ಎಂಟನೆಯವಳಾದಳು. ಈ ವರ್ಷ ಮೊದಲ ಐದರಲ್ಲಿ ಬರುವ ಅವಕಾಶವಿದೆ ಎಂದು ಹಾಲ್‌ವಾರ್ ಕೂಡ ಒಪ್ಪುತ್ತಾರೆ, ಅವರು ಸುಲಭಕ್ಕೆ ಒಪ್ಪುವವರಲ್ಲ. ಆದರೆ ಇಷ್ಟು ವರ್ಷ ಬಳಸುತ್ತಿದ್ದ ಗುಂಡನ್ನು ಕಾರ್ಖಾನೆ ನಿಲ್ಲಿಸಿದೆ. ಈಗ ಈ ಎರಡರಲ್ಲಿ ಒಂದನ್ನು ಆರಿಸಬೇಕು.

ಎರಡೂ ಆರೂವರೆ ಮಿಲಿಮೀಟರ್ ದಪ್ಪ. ಎರಡೂ ಒಂಬತ್ತು ಗ್ರಾಮಿಗೆ ಒಂದಿಷ್ಟು ಹೆಚ್ಚು. ಎರಡಕ್ಕೂ ತಾಮ್ರದ ಹೊದಿಕೆ, ದೋಣಿಯಂತೆ ಕಿರಿದಾಗುವ ಬಾಲ. ಕೈಯಲ್ಲಿ ಹಿಡಿದರೆ ಒಂದೇ ತಾಯಿಯ ಮಕ್ಕಳು. ಹಸಿರು ಡಬ್ಬಿಯದರ ಮೂಗು ಸ್ವಲ್ಪ ಉದ್ದ, ಚೂಪು. ಲೆಕ್ಕದ ಪ್ರಕಾರ ಗಾಳಿಗೆ ಸಾವಿರ ಮೀಟರಿನಲ್ಲಿ ನಾಲ್ಕು ಬೆರಳಿನಷ್ಟು ಕಡಿಮೆ ಸರಿಯುತ್ತದೆ. ಕಪ್ಪಿನದರ ಹೆಗಲು ಮೃದು, ಮೂಗು ದುಂಡು. ಯೊರುನ್ ಆಗಲೇ ನೂರು ಮೀಟರಿನಲ್ಲಿ ಎರಡನ್ನೂ ಹೊಡೆದು ನೋಡಿದ್ದಾಳೆ. ಜೇಬಿನಿಂದ ಕಾಗದ ತೆಗೆದು ಬಿಡಿಸುತ್ತಾಳೆ. ಹಸಿರಿನ ಐದು ಗುಂಡು ಒಂದೇ ತೂತಿನಲ್ಲಿ ಹೋಗಿವೆ. ಕಪ್ಪಿನವು ಹೆಬ್ಬೆರಳಿನ ಉಗುರಿನಗಲ ಹರಡಿವೆ.

"ಇನ್ನೇನು ನೋಡೋದಿದೆ ಹೇಳು. ಹಸಿರಿನ ಎಂಟುನೂರು ತರಿಸ್ತೀನಿ, ನೀನು ಅಳೆದುಕೊಡು."

ಒಡ್ನಿ ಆ ಕಾಗದವನ್ನು ಬಹಳ ಹೊತ್ತು ನೋಡುತ್ತಾರೆ. ಒಂದು ತೂತು. ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ನಯ. ಕಾಗದವನ್ನು ಮಡಿಸಿ ವಾಪಸ್ ಕೊಟ್ಟು, ಎರಡನ್ನೂ ನಾನೂರು ನಾನೂರು ತರಿಸು ಎನ್ನುತ್ತಾರೆ. ಒಂದೇ ದಿನ ತಯಾರಾದ ಡಬ್ಬಿಗಳೇ ಆಗಬೇಕು, ಮೇಲಿನ ಸಂಖ್ಯೆ ನೋಡಿ ತರಬೇಕು ಎನ್ನುತ್ತಾರೆ. ಯೊರುನ್‌ಗೆ ಇದು ವ್ಯರ್ಥ ಅನ್ನಿಸುತ್ತದೆ. ಮೂಲೆಯಲ್ಲಿ ಕಾಫಿ ಹೀರುತ್ತಿದ್ದ ಹಾಲ್‌ವಾರ್‌ಗೆ ಖುಷಿ. ಎರಡು ಲಂಗ ಮುಂದಿಟ್ಟುಕೊಂಡ ಹಾಗೆ ಕೂತ್ಕೋಬೇಡ್ರಿ, ಎಲ್ಕ್‌ಗೆ ಸಾಯೋಕೆ ಯಾವುದಾದ್ರೂ ಸಾಕು ಎಂದು ಚುಚ್ಚುತ್ತಾರೆ.

ಮೇಲಿನ ಬಯಲಿನಲ್ಲಿ ಬೇಸಿಗೆಯಿಡೀ ಕುರಿ ಮೇಯುತ್ತವೆ. ಹಾಗಾಗಿ ಪಂದ್ಯದ ದಿನ ಬಿಟ್ಟರೆ ಭಾನುವಾರ ಬೆಳಗ್ಗೆ ಐದರಿಂದ ಏಳೂವರೆಯ ತನಕ ಮಾತ್ರ ಗುಂಡು ಹಾರಿಸಲು ಅನುಮತಿ. ಆ ಹೊತ್ತಿಗೆ ಗಾಳಿ ಇರುವುದಿಲ್ಲ, ಪರೀಕ್ಷೆಗೂ ಅದೇ ಒಳ್ಳೆಯದು. ಗಾಳಿ ಇಲ್ಲದಾಗ ಗುಂಡು ಅಕ್ಕಪಕ್ಕ ಹೋದರೆ ತಪ್ಪು ಹೊಡೆಯುವವರದು, ಮೇಲೆ ಕೆಳಗೆ ಹೋದರೆ ತೋಟಾದ್ದು. ಯೊರುನ್ ಜೂನ್ ಮೂರನೆಯ ಭಾನುವಾರ ಹೋಗಿ ಎರಡರದೂ ಇಪ್ಪತ್ತಿಪ್ಪತ್ತು ಹೊಡೆದು ಬರುತ್ತಾಳೆ. ಮೇಲೆ ಕೆಳಗೆ ಎರಡೂ ಹೆಚ್ಚುಕಡಿಮೆ ಒಂದೇ. ಹಸಿರೇ ಎರಡು ಬೆರಳು ಮುಂದು. ಸೋಮವಾರ ಬೆಳಗ್ಗೆ ಬಸ್ಸನ್ನು ಅಂಗಡಿಯ ಮುಂದೆ ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಕೂಗಿ ಹೇಳುತ್ತಾಳೆ. ಒಡ್ನಿ ತಲೆಯಾಡಿಸುವುದಿಲ್ಲ. ಇನ್ನೂ ಇನ್ನೂರು ಗುಂಡು ಅಭ್ಯಾಸಕ್ಕೆ ಹೊಡಿ, ತೋಟಾ ತುಂಬುವ ಅಳತೆ ಒಂದು ಕೂದಲೂ ಬದಲಿಸಬೇಡ, ಜುಲೈ ಕೊನೆಗೆ ಮತ್ತೆ ಇದೇ ಪರೀಕ್ಷೆ ಮಾಡು ಎನ್ನುತ್ತಾರೆ.

ಅಲ್ಲಿಗೆ ಯೊರುನ್‌ನ ತಾಳ್ಮೆ ಮುಗಿಯುತ್ತದೆ. ಬಸ್ಸಿನಿಂದ ಇಳಿದು ಒಳಗೆ ಬರುತ್ತಾಳೆ. ಪಂದ್ಯಕ್ಕೆ ಎರಡೇ ತಿಂಗಳಿದೆ, ಮನಸ್ಸು ಒಂದು ಕಡೆ ನಿಲ್ಲಬೇಕು, ದಿನಾ ಒಂದು ಅನುಮಾನ ಇಟ್ಟುಕೊಂಡು ಹೇಗೆ ಹೊಡೆಯುವುದು ಎನ್ನುತ್ತಾಳೆ. ಕಾಗದ ಹೇಳುತ್ತಿದೆ, ಸಾವಿರ ಮೀಟರೂ ಹೇಳುತ್ತಿದೆ, ಬೇಡ ಎನ್ನುತ್ತಿರುವುದು ಒಡ್ನಿ ಒಬ್ಬಳೇ. ಆಮೇಲೆ, ಹೇಳಬಾರದು ಎಂದುಕೊಂಡಿದ್ದನ್ನೂ ಹೇಳಿಬಿಡುತ್ತಾಳೆ.

"ನೀನು ಇಪ್ಪತ್ತೇಳು ವರ್ಷದಿಂದ ಒಂದು ಗುಂಡು ಹಾರೋದನ್ನೂ ನೋಡಿಲ್ಲ, ಒಡ್ನಿ. ಅಳೆಯೋದು ಗೊತ್ತು ನಿಂಗೆ. ಹಾರೋದು ಗೊತ್ತಾ?"

ಇವತ್ತೂ ಮೂಲೆಯಲ್ಲಿ ಕೂತಿದ್ದ ಹಾಲ್‌ವಾರ್ ಲೋಟ ಕೆಳಗಿಡುತ್ತಾರೆ. ಕೋಣೆಯಲ್ಲಿ ತಕ್ಕಡಿಯ ಅಂಕಿ ಮಾತ್ರ ಮಿನುಗುತ್ತಿದೆ. ಒಡ್ನಿಗೆ ಸಿಟ್ಟು ಬರುವುದಿಲ್ಲ. ಬರುವುದು ಬೇರೆ ಏನೋ. ಗಾಳಿ ಎಂಬ ಆ ಒಂದು ಮಾತು ಇಷ್ಟು ವರ್ಷ ಅವರನ್ನು ಕಾಪಾಡಿದೆ. ಸಂತೆಯಲ್ಲಿ, ಚರ್ಚಿನ ಅಂಗಳದಲ್ಲಿ, ಯಾರಾದರೂ ಆ ಪಂದ್ಯದ ಮಾತೆತ್ತಿದರೆ ಉಳಿದವರು ಪಾಪ, ಗಾಳಿ ಎಂದು ಮುಗಿಸುತ್ತಿದ್ದರು. ತಂಡದ ಜಾಗ ಕೈತಪ್ಪಿದ ಮೇಲೆ ಅವರಿಗೆ ಉಳಿದಿದ್ದ ಮರ್ಯಾದೆ ಅದೊಂದೇ. ಅದನ್ನು ಬಿಟ್ಟುಕೊಟ್ಟರೆ ತಮ್ಮ ಹತ್ತಿರ ಇನ್ನೇನಿದೆ ಎಂದು ಒಂದು ಗಳಿಗೆ ಯೋಚಿಸುತ್ತಾರೆ. ಎದುರಿಗೆ ಯೊರುನ್ ನಿಂತಿದ್ದಾಳೆ, ಬಸ್ಸಿನ ಕೀಲಿ ಬೆರಳಿಗೆ ಸುತ್ತಿಕೊಂಡು, ಆ ವರ್ಷ ಒಡ್ನಿಗಿದ್ದ ಅದೇ ಆತುರದಲ್ಲಿ.

"ಅವತ್ತು ಗಾಳಿ ಇರ್ಲಿಲ್ಲ" ಎನ್ನುತ್ತಾರೆ ಒಡ್ನಿ. "ನಂಗೂ ಎರಡು ಗುಂಡಿದ್ವು. ಹೀಗೇ, ಒಂದೇ ತೂಕ. ಏಪ್ರಿಲ್‌ನಲ್ಲಿ ನೂರು ಮೀಟರಲ್ಲಿ ಒಂದು ತೂತಲ್ಲಿ ಹೋಗಿದ್ದನ್ನ ಆರಿಸ್ಕೊಂಡೆ. ಚೂಪು ಮೂಗಿಂದು. ಬೇಸಿಗೆಯಿಡೀ ಹೊಡೆದೆ. ನಳಿಗೆ ಗಂಟಲು, ಅದೇ ಗುಂಡಿನ ಹೆಗಲು ತಾಗೋ ಜಾಗ, ಸವೀತಾ ಹೋಯ್ತು. ಆ ತರದ ಗುಂಡಿಗೆ ಗಂಟಲು ಒಂದು ಕೂದಲು ದೂರ ಹೋದ್ರೂ ಆಗಲ್ಲ, ಸಿಡುಕು ಜಾತಿ. ನಂಗೆ ಗೊತ್ತಾಗ್ಲಿಲ್ಲ. ಆಗಸ್ಟ್‌ನಲ್ಲಿ ಅದು ಏಪ್ರಿಲ್ ಗುಂಡಾಗಿರ್ಲಿಲ್ಲ. ಗಾಳಿ ಅಲ್ಲ ಯೊರುನ್. ಆರಿಸಿದ್ದೇ ತಪ್ಪು."

ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಯೊರುನ್ ಕೇಳುವುದಿಲ್ಲ. ಕೇಳುವ ಹೆಂಗಸಲ್ಲ ಅವಳು. ಹೊರಗೆ ಬಸ್ಸಿನಲ್ಲಿ ಮಕ್ಕಳು ಹಾರ್ನ್ ಒತ್ತುತ್ತಿದ್ದಾರೆ. ಹಾಲ್‌ವಾರ್ ಲೋಟವನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

"ಅಂದ್ರೆ ಇಷ್ಟು ವರ್ಷ ನಾನು ಗಾಳಿನ ಬೈದಿದ್ದೆಲ್ಲ ದಂಡ ಅನ್ನು."

ಜುಲೈ ಕೊನೆಯ ಭಾನುವಾರ ಯೊರುನ್ ಕಾರು ತಂದು ಒಡ್ನಿಯ ಮನೆಯ ಮುಂದೆ ನಿಲ್ಲಿಸುತ್ತಾಳೆ, ಬೆಳಗ್ಗೆ ನಾಲ್ಕೂವರೆಗೆ. ಬಾ ಎಂದು ಕರೆದಿಲ್ಲ. ಇಂಜಿನ್ ಆರಿಸಿ ಸುಮ್ಮನೆ ಕೂತಿದ್ದಾಳೆ. ಒಡ್ನಿ ಒಳಗಿನಿಂದ ನೋಡುತ್ತಾರೆ. ಬ್ರೆಡ್ಡಿಗೆ ಕಂದು ಚೀಸ್ ಹಚ್ಚುತ್ತಾರೆ, ಇಬ್ಬರಿಗಾಗುವಷ್ಟು. ಫ್ಲಾಸ್ಕಿಗೆ ಕಾಫಿ ತುಂಬುತ್ತಾರೆ. ಕೋಟು ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಳ್ಳುತ್ತಾರೆ. ಗಂಡ ಮಂಚದಿಂದಲೇ, ಮಂಡಿ ಹುಷಾರು ಎನ್ನುತ್ತಾನೆ.

ಬಯಲು ಬದಲಾಗಿಲ್ಲ. ಅದೇ ಕುಳ್ಳ ಬರ್ಚ್ ಗಿಡಗಳು, ಅದೇ ಬೂದು ಕಲ್ಲು, ಸಾವಿರ ಮೀಟರ್ ಆಚೆ ಅದೇ ಮರಳಿನ ದಿಬ್ಬ, ಅದರ ಮುಂದೆ ಅಂಚೆಚೀಟಿಯಷ್ಟು ಕಾಣುವ ಹಲಗೆ. ಯೊರುನ್ ಮಲಗುತ್ತಾಳೆ. ಒಡ್ನಿ ಅವಳ ಹಿಂದೆ ದುರ್ಬೀನಿಗೆ ಎಡಗಣ್ಣು ಹಚ್ಚಿ ಕೂರುತ್ತಾರೆ. ಮೊದಲ ಸದ್ದಿಗೆ ಇಡೀ ಮೈ ಬಿಗಿದು, ಬಲ ಹೆಗಲು ತಾನಾಗಿ ಹಿಂದಕ್ಕೆ ಹೋಗುತ್ತದೆ, ಒದೆತ ತನಗೇ ಬಿದ್ದಂತೆ. ಎರಡನೆಯ ಗುಂಡಿಗೆ ಅವರು ಅದನ್ನು ನೋಡುತ್ತಾರೆ. ತಂಪು ಗಾಳಿಯಲ್ಲಿ ಬಿಸಿಲ ಝಳದಂಥ ಒಂದು ಗೆರೆ ಮೇಲೇರಿ, ಬಾಗಿ, ಹಲಗೆಯೊಳಗೆ ಇಳಿಯುತ್ತದೆ. ಗುಂಡು ಗಾಳಿಯನ್ನು ಸೀಳಿಕೊಂಡು ಹೋದ ದಾರಿ. ಹೊಡೆಯುವವರಿಗೆ ಅದು ಕಾಣುವುದಿಲ್ಲ. ಒದೆತಕ್ಕೆ ಅವರ ಕಣ್ಣು ಆಗ ಬೇರೆಲ್ಲೋ ಹೋಗಿರುತ್ತದೆ. ಹನ್ನೊಂದು ವರ್ಷ ಹೊಡೆದವರು ಒಡ್ನಿ. ತಮ್ಮದೊಂದನ್ನೂ ಅವರು ಹೀಗೆ ನೋಡಿಲ್ಲ.

ಹಸಿರಿನ ಇಪ್ಪತ್ತು ಮೇಲೆ ಕೆಳಗೆ ಒಂದು ಮೊಳ ಹರಡುತ್ತವೆ. ಕಪ್ಪಿನ ಇಪ್ಪತ್ತು ಜೂನ್‌ನಲ್ಲಿ ಎಲ್ಲಿದ್ದವೋ ಅಲ್ಲೇ, ಒಂದು ಗೇಣಿಗೆ ಸ್ವಲ್ಪ ಹೆಚ್ಚು. ಯೊರುನ್ ಎದ್ದು ಕೂತು ಬ್ರೆಡ್ಡು ತಿನ್ನುತ್ತಾಳೆ. ಹಸಿರಿನ ತೋಟಾ ತುಂಬುವ ಅಳತೆಯನ್ನು ಹೊಸದಾಗಿ ಹೊಂದಿಸಿಕೊಂಡರೆ ಮತ್ತೆ ಸರಿಹೋಗುತ್ತದಲ್ಲ ಎಂದು ಕೊನೆಯ ಸಲ ಕೇಳಿ ನೋಡುತ್ತಾಳೆ. ಹೋಗುತ್ತದೆ ಎನ್ನುತ್ತಾರೆ ಒಡ್ನಿ. ಇವತ್ತಿಗೆ ಸರಿಹೋಗುತ್ತದೆ, ಪಂದ್ಯದ ಬೆಳಗ್ಗೆ ಗಂಟಲು ಎಷ್ಟು ಸವೆದಿದೆ ಎಂದು ನಿನಗೆ ಯಾರು ಬಂದು ಹೇಳುತ್ತಾರೆ. ಯೊರುನ್ ಕೈಗೆ ಅಂಟಿದ ಚೀಸನ್ನು ಹುಲ್ಲಿಗೆ ಒರೆಸಿಕೊಂಡು, ಹಾಗಾದರೆ ಕಪ್ಪೇ ಎನ್ನುತ್ತಾಳೆ.

ಆಗಸ್ಟ್ ತಿಂಗಳಿಡೀ ಒಡ್ನಿ ಆ ಕಪ್ಪು ಡಬ್ಬಿಗಳಲ್ಲೇ ಇರುತ್ತಾರೆ. ಉಳಿದಿದ್ದ ನೂರೆಪ್ಪತ್ತರಲ್ಲಿ ಪಂದ್ಯಕ್ಕೆ ಬೇಕಾದ್ದು ಇಪ್ಪತ್ತು, ಗುರಿ ಸರಿಪಡಿಸಿಕೊಳ್ಳಲು ಎರಡು. ಒಂದೇ ಗುಳಿಗೆ ಬಿದ್ದ ಮೂವತ್ತೊಂದನ್ನು ಮತ್ತೆ ಅಳೆದು ಇಪ್ಪತ್ತೆರಡಕ್ಕೆ ಇಳಿಸುತ್ತಾರೆ. ಒಂಬತ್ತನ್ನು ಯಾಕೆ ತೆಗೆದೆ ಎಂದು ಕೇಳಿದರೆ ಅಂಕಿಯಲ್ಲಿ ತೋರಿಸಲು ಅವರಿಗೂ ಆಗುವುದಿಲ್ಲ. ಕೈಗೆ ಗೊತ್ತಾಯಿತು ಅಷ್ಟೇ ಎನ್ನುತ್ತಾರೆ.

ಕೊನೆಯ ಶನಿವಾರ ಗಾಳಿ ಇದೆ, ಚಂಚಲ ಗಾಳಿ. ಮೂವತ್ತೆಂಟು ಜನ ಹೊಡೆಯುತ್ತಾರೆ. ಒಡ್ನಿ ಹಗ್ಗದ ಹಿಂದೆ ಜನರ ಜೊತೆ ನಿಂತಿದ್ದಾರೆ, ಪಕ್ಕದಲ್ಲಿ ಹಾಲ್‌ವಾರ್. ಯೊರುನ್‌ನ ಗುಂಡುಗಳು ಎಡಕ್ಕೆ ಹೋಗುತ್ತವೆ, ಬಲಕ್ಕೆ ಹೋಗುತ್ತವೆ. ಹಸಿರಿನ ಆ ನಾಲ್ಕು ಬೆರಳು ಇದ್ದಿದ್ದರೆ ಎಂದು ಒಡ್ನಿ ಲೆಕ್ಕ ಹಾಕುತ್ತಾರೆ. ಎರಡು ಅಂಕ ಅಲ್ಲೇ ಹೋಗುತ್ತವೆ. ಆದರೆ ಮೇಲೆ ಕೆಳಗೆ ಒಂದೂ ಹೋಗುವುದಿಲ್ಲ. ಇಪ್ಪತ್ತನೆಯದು ಉಳಿದಾಗ ಒಡ್ನಿ ದುರ್ಬೀನನ್ನು ಹಾಲ್‌ವಾರ್ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಳ್ಳುತ್ತಾರೆ. ಸದ್ದು ಕೇಳುತ್ತದೆ. ಒಂದೂವರೆ ಸೆಕೆಂಡು ಆಗುತ್ತದೆ. ಪಕ್ಕದಲ್ಲಿ ಹಾಲ್‌ವಾರ್ ಮೂಗು ಏರಿಸಿಕೊಳ್ಳುವ ಸದ್ದು.

ಯೊರುನ್ ನಾಲ್ಕನೆಯವಳು. ಜನ ಅವಳ ಬೆನ್ನು ತಟ್ಟುತ್ತಾರೆ, ಸ್ಥಳೀಯ ಪತ್ರಿಕೆಯವರು ಅವಳ ಮತ್ತು ರೈಫಲಿನ ಫೋಟೋ ತೆಗೆಯುತ್ತಾರೆ. ಗದ್ದಲದ ನಡುವಿನಿಂದ ಅವಳು ಒಡ್ನಿಯ ಹತ್ತಿರ ಬಂದು, ಸ್ವೀಡನ್ನಿಗೆ ಇನ್ನೂ ಅರುವತ್ತು ಬೇಕು, ಮುಂದಿನ ವಾರವೇ ಬೇಕು ಎನ್ನುತ್ತಾಳೆ. ನೋಡೋಣ ಎನ್ನುತ್ತಾರೆ ಒಡ್ನಿ. ತಂಡದ ಜೊತೆ ಬರುತ್ತೀಯಾ ಎಂದೂ ಕೇಳುತ್ತಾಳೆ. ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದು ಒಡ್ನಿ ನಗುತ್ತಾರೆ. ವಾಪಸ್ ಬರುವಾಗ ಕಾರಿನಲ್ಲಿ ಅವರು ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ಸಂತೋಷ ಇದೆ. ಅದರ ಅಡಿಯಲ್ಲಿ ಇನ್ನೊಂದಿದೆ. ಮೂವತ್ತನಾಲ್ಕು ವರ್ಷದ ಒಬ್ಬ ಹೆಂಗಸು ಇನ್ನೂ ಆ ಒದ್ದೆ ಹುಲ್ಲಿನ ಮೇಲೆ ಮಲಗಿದ್ದಾಳೆ, ಅವಳನ್ನು ಎಬ್ಬಿಸಿಕೊಂಡು ಬರಲು ಇವತ್ತೂ ಆಗಲಿಲ್ಲ.

ಸೆಪ್ಟೆಂಬರ್ ಬಂದಿದೆ. ಬೆಳಗಿನ ಐದಕ್ಕೆ ಈಗ ದೀಪ ಬೇಕು. ಸ್ವೀಡನ್ನಿಗೆ ಬೇಕಾದ ಅರುವತ್ತರಲ್ಲಿ ಒಡ್ನಿ ಈವರೆಗೆ ನಲವತ್ತಮೂರನ್ನು ಆರಿಸಿದ್ದಾರೆ. ಇಷ್ಟು ಮಾಡಿದ್ದಕ್ಕೆ ನಿಮಗೆ ಏನಾದರೂ ಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದರೆ ಮೊದಲು ತಲೆ ಅಲ್ಲಾಡಿಸುತ್ತಾರೆ. ಕೈಯಲ್ಲಿದ್ದ ಗುಂಡನ್ನು ಅಳೆದು ಮುಗಿಸುತ್ತಾರೆ. ಆಮೇಲೆ, ಮೇಲಿನ ಬಯಲಿನ ಮರಳು ದಿಬ್ಬವನ್ನು ಮುಂದಿನ ತಿಂಗಳು ಅಗೆಯುತ್ತಾರಂತೆ, ಸೀಸ ಹಳ್ಳದ ನೀರಿಗೆ ಸೇರದಿರಲಿ ಎಂದು ಪಂಚಾಯಿತಿಯವರು ಮೊದಲ ಸಲ ಜರಡಿ ಹಿಡಿಸುತ್ತಿದ್ದಾರಂತೆ ಎನ್ನುತ್ತಾರೆ. ಆ ದಿನ ಅಂಗಡಿಗೆ ರಜೆ ಕೇಳಬೇಕು.

"ನಲವತ್ತು ವರ್ಷದ ಗುಂಡೆಲ್ಲ ಅದರೊಳಗಿದೆ. ಯೊರುನ್‌ದೂ ಇದೆ, ನಂದೂ ಇದೆ. ನಾನು ಆರಿಸಿದ್ದೂ ಇದೆ, ಬಿಟ್ಟಿದ್ದೂ ಇದೆ. ಮರಳಿಗೆ ಬಿದ್ದು ನಜ್ಜಾದ ಮೇಲೆ ಯಾವುದು ಯಾವುದು ಅಂತ ನಂಗೂ ಹೇಳಕ್ಕಾಗಲ್ಲ. ಹಂಗಿರೋದು ಒಂದು ಹಿಡಿ, ಕೈಯಲ್ಲಿ ಹಿಡ್ಕೊಂಡು ನೋಡ್ಬೇಕು."